ಮೀನಿಲ್ಲದ ಟ್ಯಾಂಕಿನಲ್ಲಿ ನಾನು ಕಾದಿದ್ದು ಕೆಎಚ್ ಅನ್ನು

ಹೊಸ ಅಕ್ವೇರಿಯಂ ಸೈಕಲ್ ಆಗುವಾಗ, ಅಂದರೆ ಮೀನು ಬಿಡುವ ಮುನ್ನ ನಾವೇ ಅಮೋನಿಯಾ ಹಾಕಿ, ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸುವಾಗ, ಎಲ್ಲರ ಕಣ್ಣೂ ಅಮೋನಿಯಾ ಮೇಲಿರುತ್ತದೆ. ನನ್ನ 100 ಲೀಟರ್ ಟ್ಯಾಂಕಿನಲ್ಲಿ ನಾನು ಅದಕ್ಕಿಂತ ಜಾಸ್ತಿ ಗಮನ ಕೊಟ್ಟಿದ್ದು ಕೆಎಚ್‌ಗೆ, ಅಂದರೆ ನೀರಿನ ಕಾರ್ಬೊನೇಟ್ ಗಡಸುತನಕ್ಕೆ.

ನನಗೆ ಸಾಕಬೇಕಿದ್ದದ್ದು ನಿಯಾನ್ ಟೆಟ್ರಾ. ಅವಕ್ಕೆ ಮೆದು ನೀರು ಹಿತ. ಬೆಂಗಳೂರಿನ ನಮ್ಮ ಬೋರ್‌ವೆಲ್ ನೀರು ಗಡಸು, ಹಾಗಾಗಿ ಆರ್‌ಒ ನೀರು ಬೆರೆಸಲೇಬೇಕು. ಆದರೆ ಆರ್‌ಒ ನೀರಿನಲ್ಲಿ ಕೆಎಚ್ ಹೆಚ್ಚೂಕಡಿಮೆ ಸೊನ್ನೆ. ಬರೀ ಅದನ್ನೇ ತುಂಬಿಸಿದರೆ ಸೈಕಲ್ ನಡುವೆಯೇ ನಿಂತುಬಿಡುತ್ತದೆ.

ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯುವುದು ಕೆಎಚ್. ತಡೆಯುತ್ತಾ ತಾನೇ ಖರ್ಚಾಗುತ್ತದೆ. 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಖರ್ಚಾಗುವಷ್ಟರಲ್ಲಿ ಸುಮಾರು 0.7 ಡಿಗ್ರಿ ಕೆಎಚ್ ಹೋಗುತ್ತದೆ. ಮೂರು ಸಲ ಅಷ್ಟೇ ಅಮೋನಿಯಾ ಡೋಸ್ ಹಾಕಿದರೆ 2 ಡಿಗ್ರಿ ಖಾಲಿ! ಕೆಎಚ್ ಮುಗಿದರೆ ಪಿಎಚ್ ದಡಕ್ಕನೆ ಕುಸಿಯುತ್ತದೆ. 6.5ರ ಕೆಳಗೆ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ, 6ರ ಹತ್ತಿರ ಕೆಲಸ ಬಹುತೇಕ ನಿಂತೇ ಹೋಗುತ್ತದೆ. ಆಗ ಇನ್ನೊಂದು ಬಾಟಲಿ ಬ್ಯಾಕ್ಟೀರಿಯಾ ತಂದು ಸುರಿದರೂ ಪ್ರಯೋಜನವಿಲ್ಲ.

ಅದಕ್ಕೇ ಸೈಕಲ್ ಮುಗಿಯುವ ತನಕ ಮೆದು ನೀರಿನ ಯೋಚನೆಯನ್ನೇ ಬದಿಗಿಟ್ಟೆ. ಬೋರ್ ನೀರು ಜಾಸ್ತಿ, ಆರ್‌ಒ ಸ್ವಲ್ಪ. ಕೆಎಚ್ 4ಕ್ಕಿಂತ ಇಳಿದಾಗಲೆಲ್ಲ ಅಡುಗೆ ಸೋಡಾ ಕರಗಿಸಿ ಹಾಕುತ್ತಿದ್ದೆ. 100 ಲೀಟರಿಗೆ 6 ಗ್ರಾಂ ಹಾಕಿದರೆ 2 ಡಿಗ್ರಿ ಏರುತ್ತದೆ. ಪಿಎಚ್ 8 ಆದರೂ ಒಳಗೆ ಮೀನಿಲ್ಲವಲ್ಲ, ಚಿಂತೆಯಿಲ್ಲ. ಬ್ಯಾಕ್ಟೀರಿಯಾಗಳಿಗಂತೂ ಅದೇ ಒಳ್ಳೆಯದು. ಹೀಟರ್ 28 ಡಿಗ್ರಿಗೆ ಇಟ್ಟು, ಏರ್ ಪಂಪ್ ಹಗಲೂ ರಾತ್ರಿ ಓಡಿಸಿದೆ. ನಲ್ಲಿಯ ಕಾವೇರಿ ನೀರು ಬಳಸುವವರು ಮೊದಲು ಕ್ಲೋರಿನ್ ತೆಗೆಯಬೇಕು ಅಷ್ಟೆ.

ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್ ಬಳಸಿದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು, ಆದರೆ ಟ್ಯಾಂಕಿಗೆ ಲ್ಯಾಬ್ ಗುಣಮಟ್ಟದ ಶುದ್ಧ ಪುಡಿಯೇ ಬೇಕು. 0.6 ಗ್ರಾಂ ಹಾಕಿದರೆ 100 ಲೀಟರಿಗೆ ಸುಮಾರು 2 ಪಿಪಿಎಂ ಬರುತ್ತದೆ.

ನೈಟ್ರೈಟ್ ಹಂತದಲ್ಲಿ ತಾಳ್ಮೆ ಬೇಕು. 1 ಪಿಪಿಎಂ ಅಮೋನಿಯಾದಿಂದ 2.7 ಪಿಪಿಎಂ ನೈಟ್ರೈಟ್ ಹುಟ್ಟುತ್ತದೆ. ಎರಡು ಡೋಸ್‌ಗೇ ಸಾಮಾನ್ಯ ಟೆಸ್ಟ್ ಕಿಟ್‌ನ 5 ಪಿಪಿಎಂ ಮಿತಿ ದಾಟಿಬಿಡುತ್ತದೆ, ಬಣ್ಣ ನೋಡಿ ಏನೂ ಹೇಳಲಾಗದು. ನಾನು ಒಂದು ಪಾಲು ಟ್ಯಾಂಕ್ ನೀರಿಗೆ ಒಂಬತ್ತು ಪಾಲು ಆರ್‌ಒ ನೀರು ಸೇರಿಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸುತ್ತಿದ್ದೆ. ಆ ದಿನಗಳಲ್ಲಿ ಅಮೋನಿಯಾ ಡೋಸ್ ಅರ್ಧಕ್ಕೆ ಇಳಿಸಿದೆ. ನೈಟ್ರೇಟ್ ಟೆಸ್ಟ್ ಮಾಡಲೇ ಇಲ್ಲ, ಯಾಕೆಂದರೆ ನೈಟ್ರೈಟ್ ಇದ್ದರೆ ಅದು ತಪ್ಪು ಅಂಕಿ ಕೊಡುತ್ತದೆ.

ಕೊನೆಗೆ 2 ಪಿಪಿಎಂ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದವು. ಆಮೇಲೆ ಮುಕ್ಕಾಲು ಪಾಲು ನೀರು ಬದಲಿಸಿದೆ, ಈ ಸಲ ಆರ್‌ಒ ಜಾಸ್ತಿ. ನೈಟ್ರೇಟೂ ಇಳಿಯಿತು, ಕೆಎಚ್ 3ಕ್ಕೆ ಬಂತು. ಟೆಟ್ರಾಗಳಿಗೆ ಅಷ್ಟು ಸಾಕು. ಅದಕ್ಕಿಂತ ಕೆಳಗೆ ಈಗಲೂ ಬಿಡುವುದಿಲ್ಲ.