ಜೇಬಿನ ಪುಟ್ಟ ರಿವಾಲ್ವರಿಗೆ ಎಷ್ಟುದ್ದದ ಬ್ಯಾರೆಲ್? ನನ್ನ ಅನುಭವ

ಬ್ಯಾರೆಲ್, ಅಂದರೆ ನಳಿಗೆ, ಅರ್ಧ ಇಂಚು ಹೆಚ್ಚಿರಬೇಕೋ ಬೇಡವೋ. ಅಷ್ಟನ್ನು ತೀರ್ಮಾನ ಮಾಡಲು ನನಗೆ ಮೂರು ವರ್ಷ ಬೇಕಾಯಿತು, ಸುಮಾರು 700 ಡಾಲರ್ ಕೈಬಿಟ್ಟಿತು. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನ ಗೆಳೆಯರೆಲ್ಲ ಸುಮ್ನೆ ತಲೆ ಕೆಡಿಸ್ಕೋತಿದ್ದೀಯ ಅಂದಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಲೆಕ್ಕ ನೋಡಿ ತಾವೂ ಅದೇ ಅಳತೆಯದು ಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕೊಡಗಿನಲ್ಲಿ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆ ನಮ್ಮದು. ಅಪ್ಪನ ಒಂಟಿ ನಳಿಗೆ ಕೋವಿ ಆಗ ನನ್ನೆತ್ತರವೇ ಇತ್ತು. ಈಗ ಇರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ. ವೀಸಾದಲ್ಲಿ ಇದ್ದಷ್ಟು ದಿನ ಕೋವಿಯ ಆಸೆ ಬಿಟ್ಟಿದ್ದೆ. ಗ್ರೀನ್ ಕಾರ್ಡ್ ಬಂದ ಮೇಲೆ ಮೊದಲು ಕೊಂಡಿದ್ದೇ ನಾರ್ತ್ ಅಮೆರಿಕನ್ ಆರ್ಮ್ಸ್‌ನವರ ಪುಟ್ಟ ರಿವಾಲ್ವರ್, .22 ಲಾಂಗ್ ರೈಫಲ್ ಅನ್ನುವ ಸಣ್ಣ ತೋಟಾದ್ದು. ಐದು ಈಡು, 1⅛ ಇಂಚಿನ ಬ್ಯಾರೆಲ್, ತೂಕ 130 ಗ್ರಾಂ ಆಸುಪಾಸು. ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ಅಪ್ಪ, "ಇದು ಕೀ ಚೈನಾ?" ಅಂತ ಕೇಳಿದರು.

ಗಿಡ್ಡದು ಜೇಬಿನಲ್ಲಿ ಇರುವುದೇ ಗೊತ್ತಾಗುತ್ತಿರಲಿಲ್ಲ. ಅದರ ಗುಣ ಅಲ್ಲಿಗೆ ಮುಗಿಯಿತು. ಏಳು ಗಜದಲ್ಲಿ ಊಟದ ಪೇಪರ್ ತಟ್ಟೆಗೆ ಐದು ಈಡು ಹೊಡೆದರೆ ಮೂರು ಬೀಳುತ್ತಿತ್ತು, ಕೆಲವು ಸಲ ಎರಡೇ. ಹಗುರ ಗುಂಡು ಹಾಕಿದ ದಿನ ತಟ್ಟೆಯ ಮೇಲೆ ತೂತು ದುಂಡಗೆ ಇರಲಿಲ್ಲ. ಉದ್ದಕ್ಕೆ, ಬೀಗದ ಕಿಂಡಿ ಹಾಗೆ ಹರಿದಿತ್ತು. ಗುಂಡು ಅಡ್ಡ ತಿರುಗಿ ಹೋಗುತ್ತಿತ್ತು. ವೇಗ ಅಳೆದೆ. 40 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 700 ಅಡಿ ದಾಟಲು ಒದ್ದಾಡುತ್ತಿತ್ತು. ಅದೇ ತೋಟಾ ರೈಫಲ್‌ನಲ್ಲಿ 1,235 ಅಂತ ಡಬ್ಬಿ ಮೇಲೆ ಬರೆದಿರುತ್ತದೆ. 210ಕ್ಕೆ ಕೊಂಡಿದ್ದನ್ನು 150ಕ್ಕೆ ಕೊಟ್ಟೆ.

ಗೆಳೆಯರು ಆಗ ಹೇಳಿದ್ದು, "ಹಾಗಾದ್ರೆ ಉದ್ದದ್ದೇ ತಗೋ". ತಗೊಂಡೆ. ಅದೇ ಕಂಪನಿಯ 4 ಇಂಚಿನ ಮಿನಿ ಮಾಸ್ಟರ್, ಇನ್ನೂ ಜೋರಿನ .22 ಮ್ಯಾಗ್ನಮ್ ತೋಟಾದ್ದು. ಹೊಡೆಯಲು ಬಂಗಾರದಂಥದ್ದು. ಅದೇ ಏಳು ಗಜದಲ್ಲಿ ಐದೂ ಈಡು ಒಂದೂವರೆ ಇಂಚಿನೊಳಗೆ. ವೇಗ 1,180ರ ಹತ್ತಿರ. ಆದರೆ 300 ಗ್ರಾಂ ತೂಕ, ಉದ್ದ ಮೂತಿ. ಕಾರಿನಲ್ಲಿ ಕೂತರೆ ತೊಡೆಸಂದಿಗೆ ಒತ್ತುತ್ತಿತ್ತು. ಎರಡು ತಿಂಗಳಲ್ಲಿ ಅದು ಬೀರು ಸೇರಿತು. ಜೇಬಿನಲ್ಲಿ ಇರದ ಜೇಬಿನ ರಿವಾಲ್ವರ್ ಯಾಕೆ ಬೇಕು? ಅಲ್ಲಿ 80 ಡಾಲರ್ ಲುಕ್ಸಾನು.

ಮೂರನೆಯದು ಅದೇ ಕಂಪನಿಯ ಬ್ಲ್ಯಾಕ್ ವಿಡೋ, 2 ಇಂಚು. ಇದರ ಜೊತೆ ಆರು ತಿಂಗಳು ಕಳೆದೆ. ದಪ್ಪ ಬ್ಯಾರೆಲ್, ದೊಡ್ಡ ರಬ್ಬರ್ ಹಿಡಿ, ಗುರಿ ನೋಡಲು ಸರಿಯಾದ ಸೈಟ್. ತಟ್ಟೆಯಲ್ಲಿ ತೂತುಗಳೆಲ್ಲ ಮೂರು ಇಂಚಿನ ಗುಂಪಿನೊಳಗೆ. ಖಾಲಿ ಮಾಡಿ ಮನೆಯಲ್ಲಿ ಜೇಬಿನಿಂದ ತೆಗೆದು ನೋಡಿದರೆ ಹತ್ತರಲ್ಲಿ ನಾಲ್ಕು ಸಲ ಬಟ್ಟೆ ಜೊತೆಗೇ ಬರುತ್ತಿತ್ತು. (ಖಾಲಿ ಟ್ರಿಗರ್ ಎಳೆಯುವವರು ಗೋಡೆಗೆ ಸ್ಕ್ರೂ ಹಾಕುವಾಗ ಬಳಸುವ ಪ್ಲಾಸ್ಟಿಕ್ ಪ್ಲಗ್ಗನ್ನು ಸಿಲಿಂಡರಿನ, ಅಂದರೆ ತೋಟಾ ತುಂಬುವ ತಿರುಗುವ ಭಾಗದ, ತೂತಿನಲ್ಲಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಿಲಿಂಡರಿನ ಅಂಚು ಹಾಳಾಗುತ್ತದೆ.) ಬಟ್ಟೆಗೆ ಸಿಕ್ಕುತ್ತಿದ್ದುದು ಬ್ಯಾರೆಲ್ಲೋ, ರಬ್ಬರ್ ಹಿಡಿಯೋ? ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿ ನಾನು ಮಾಡಿದ ಕೆಲಸಕ್ಕೇ ಎಲ್ಲರೂ ನಕ್ಕಿದ್ದು. ಮರದಲ್ಲಿ ನಾಲ್ಕು ರಿವಾಲ್ವರ್ ಗೊಂಬೆ ಕೆತ್ತಿದೆ. ನಾಲ್ಕಕ್ಕೂ ಒಂದೇ ಹಿಡಿ, ಬ್ಯಾರೆಲ್ ಮಾತ್ರ ಬೇರೆ: 1⅛, 1⅝, 2, 4. ಒಳಗೆ ಕೊರೆದು ಮೀನು ಹಿಡಿಯುವ ಗಾಳದ ಸೀಸ ತುಂಬಿ, ಒಂದೊಂದಕ್ಕೂ ಅಸಲಿಯ ತೂಕ ಕೊಟ್ಟೆ. ಅಡುಗೆಮನೆ ತಕ್ಕಡಿಯಲ್ಲೇ ತೂಗಿದ್ದು. ಒಂದೊಂದನ್ನು ಹತ್ತು ಹತ್ತು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಆಫೀಸ್, ಕಾರು, ದಿನಸಿ ಅಂಗಡಿ, ಮಗಳ ಈಜು ಕ್ಲಾಸ್. ಚಿಕ್ಕ ಪುಸ್ತಕದಲ್ಲಿ ಬರೆದಿದ್ದು ಒಂದೇ: ಇವತ್ತು ಎಷ್ಟು ಸಲ ಕೈ ತಾನಾಗಿ ಜೇಬಿಗೆ ಹೋಗಿ ಅದನ್ನು ಸರಿಮಾಡಿತು.

4 ಇಂಚಿನದಕ್ಕೆ ದಿನಕ್ಕೆ ಮೂವತ್ತರ ಮೇಲೆ. 2ಕ್ಕೆ ಹದಿನೈದೋ ಹದಿನಾರೋ. 1⅝ಕ್ಕೆ ನಾಲ್ಕು. 1⅛ಕ್ಕೆ ಮೂರು. ಕೊನೆಯ ಎರಡು ಸಂಖ್ಯೆ ನೋಡಿ. ಅರ್ಧ ಇಂಚು ಬಿಟ್ಟುಕೊಟ್ಟರೆ ಜೇಬಿಗೆ ಏನೂ ಲಾಭವಿಲ್ಲ! 2ಕ್ಕೆ ಹೋದ ಕೂಡಲೇ ಲೆಕ್ಕ ಎಗರುತ್ತದೆ. ಅದಕ್ಕೆ ಕಾರಣ ಉದ್ದವಲ್ಲ, ತೂಕ. ಬ್ಲ್ಯಾಕ್ ವಿಡೋ 250 ಗ್ರಾಂ, 1⅝ ಮ್ಯಾಗ್ನಮ್ 175 ಗ್ರಾಂ. ಇಲ್ಲಿಯ ಬೇಸಿಗೆಗೆ ಹಾಕುವ ತೆಳು ಚಡ್ಡಿಯ ಜೇಬು 200 ಗ್ರಾಂ ದಾಟಿದರೆ ಜೋತು ಬೀಳುತ್ತದೆ. ರಬ್ಬರ್ ಹಿಡಿ ಇಲ್ಲದ 2 ಇಂಚಿನ ಗೊಂಬೆ ಬಟ್ಟೆಗೆ ಒಮ್ಮೆಯೂ ಸಿಕ್ಕಲಿಲ್ಲ. ತಪ್ಪು ಹಿಡಿಯದೇ ಅಂತ ಅವತ್ತು ಖಾತ್ರಿಯಾಯಿತು.

ಗೊಂಬೆ ಹೇಳಿದ್ದನ್ನು ನಂಬಿ 1⅝ ಇಂಚಿನ ಮ್ಯಾಗ್ನಮ್ ಕೊಂಡೆ, ಲಾಂಗ್ ರೈಫಲ್ ಸಿಲಿಂಡರ್ ಕೂಡ ಜೊತೆಗೆ ಬರುವ ಸೆಟ್. 290 ಚಿಲ್ಲರೆ ಆಯಿತು. ಎರಡು ಸಿಲಿಂಡರ್ ಇರುವುದೇ ದುಡ್ಡು ಉಳಿಸುವ ದಾರಿ. ಮ್ಯಾಗ್ನಮ್ ತೋಟಾ 50ರ ಡಬ್ಬಿಗೆ 15ರಿಂದ 20 ಡಾಲರ್. ಅಭ್ಯಾಸಕ್ಕೆ ಅದನ್ನೇ ಹೊಡೆದರೆ ದಿವಾಳಿ.

ವೇಗ ಅಳೆಯುವಾಗ ಒಂದು ಅನಾಹುತ ಆಯಿತು. ಗುಂಡಿನ ವೇಗ ಅಳೆಯುವ ಯಂತ್ರ ಕ್ರೋನೋಗ್ರಾಫನ್ನು ಮೂತಿಯಿಂದ ನಾಲ್ಕು ಅಡಿ ದೂರದಲ್ಲಿ ಇಟ್ಟಿದ್ದೆ. ಗಿಡ್ಡ ಬ್ಯಾರೆಲ್‌ನಿಂದ ಉರಿಯದ ಮದ್ದು, ಬೆಂಕಿ, ಹೊಗೆ ಎಲ್ಲ ಹೊರಗೆ ಬಂದು ಸೆನ್ಸರಿಗೆ ಮಂಕು ಬಡಿಯಿತು. 2,400 ಅಂತೆಲ್ಲ ತೋರಿಸಿತು. ಸರಿ ಅಂತ ಹನ್ನೆರಡು ಅಡಿಗೆ ಸರಿಸಿದೆ. ಮೂರನೇ ಈಡಿಗೇ ಗುಂಡು ಯಂತ್ರಕ್ಕೆ ಬಡಿಯಿತು. 110 ಡಾಲರ್ ಮಣ್ಣುಪಾಲು. ಎರಡನೆಯದು ತಂದು, ಮರಳಿನ ಚೀಲದ ಮೇಲೆ ಕೈ ಊರಿ, ಎಂಟರಿಂದ ಹತ್ತು ಅಡಿಯಲ್ಲಿ ಹೊಡೆದೆ. ಅದೇ ಸರಿಯಾದ ದೂರ.

ನೆನಪಿನಿಂದ ಹೇಳುವುದಾದರೆ, 40 ಗ್ರೇನ್ ಮ್ಯಾಗ್ನಮ್ ಗುಂಡಿಗೆ ಬಂದ ವೇಗ ಹೀಗಿತ್ತು. ಗೆಳೆಯನ 1⅛ರಲ್ಲಿ 820, ನನ್ನ 1⅝ರಲ್ಲಿ 930, 2ರಲ್ಲಿ 980. ಮೊದಲ ಅರ್ಧ ಇಂಚಿಗೆ ನೂರರ ಮೇಲೆ ಸಿಕ್ಕಿತು. ಆಮೇಲೆ ಸಿಗುವ ಐವತ್ತಕ್ಕೆ ಮುಕ್ಕಾಲು ನೂರು ಗ್ರಾಂ ಹೊರಬೇಕು. ಗಿಡ್ಡ ಬ್ಯಾರೆಲ್‌ಗೆಂದೇ ಮಾಡಿದ 45 ಗ್ರೇನ್ ತೋಟಾ ಹಾಕಿದ ಮೇಲೆ ನನ್ನದು ಮತ್ತೆ ಸ್ವಲ್ಪ ಮೇಲೆ ಹೋಯಿತು. ಯಾವ ಡಬ್ಬಿ ಅಂತ ಈಗ ಹೇಳುವುದಿಲ್ಲ. ಈಗಲೇ ಅಂಗಡಿಯಲ್ಲಿ ಸಿಗುವುದು ಕಷ್ಟ.

ವೇಗಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಬೇರೆ. ಈ ರಿವಾಲ್ವರಿಗೆ ಟ್ರಿಗರ್ ಗಾರ್ಡ್, ಅಂದರೆ ಟ್ರಿಗರ್ ಸುತ್ತ ಇರುವ ಬಳೆ, ಇಲ್ಲ. ತೋಟಾಕ್ಕೆ ಬಡಿಯುವ ಹ್ಯಾಮರನ್ನು ಸಿಲಿಂಡರಿನ ಎರಡು ತೂತುಗಳ ನಡುವಿನ ಕಚ್ಚಿಗೆ ಇಳಿಸಿಯೇ ಜೇಬಿಗೆ ಹಾಕಬೇಕು. ಬಲಗೈ ಹೆಬ್ಬೆರಳಿನಿಂದ ಹ್ಯಾಮರ್ ತಡೆದು, ಎಡಗೈಯಿಂದ ಸಿಲಿಂಡರನ್ನು ಕೂದಲೆಳೆಯಷ್ಟು ತಿರುಗಿಸಿ, ಮೆಲ್ಲಗೆ ಬಿಡಬೇಕು. ಗಿಡ್ಡದರಲ್ಲಿ ಹಾಗೆ ಮಾಡುವಾಗ ನನ್ನ ಎಡಗೈ ತೋರುಬೆರಳ ತುದಿ ಒಂದು ದಿನ ಮೂತಿಯ ಮುಂದೆಯೇ ಇತ್ತು. ಅದನ್ನು ಕಂಡಾಗ ಬೆನ್ನು ತಣ್ಣಗಾಯಿತು. 1⅝ರಲ್ಲಿ ಬೆರಳು ಸಹಜವಾಗಿ ಮೂತಿಯ ಹಿಂದೆಯೇ ನಿಲ್ಲುತ್ತದೆ. ಬೇರೆ ಕಾರಣ ಯಾವುದೂ ಇಲ್ಲದಿದ್ದರೂ ಇದೊಂದಕ್ಕೇ ನಾನು ಅರ್ಧ ಇಂಚು ಜಾಸ್ತಿ ಕೊಳ್ಳುತ್ತೇನೆ.

ಈ ನಡುವೆ ಹಾವಿನ ತೋಟಾವನ್ನೂ ಪರೀಕ್ಷೆ ಮಾಡಿದೆ. ಇಲ್ಲಿ ಬುಡುಬುಡಿಕೆ ಹಾವು ಜಾಸ್ತಿ ಅಲ್ವಾ. ಸಾಸಿವೆಯಂಥ ಚರೆ ತುಂಬಿದ .22 ಮ್ಯಾಗ್ನಮ್ ತೋಟಾವನ್ನು ರಟ್ಟಿನ ಪೆಟ್ಟಿಗೆಗೆ ಹೊಡೆದೆ. ಬ್ಯಾರೆಲ್ ಒಳಗಿನ ತಿರುಗಣೆ ಗೆರೆಗಳು ಚರೆಯನ್ನು ಚೆದುರಿಸುತ್ತವೆ. ಆರು ಅಡಿಯಲ್ಲಿ ಒಂದು ಊಟದ ತಟ್ಟೆಯಷ್ಟು ಅಗಲ. ಹತ್ತು ಅಡಿಗೆ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ಉದ್ದ ಬ್ಯಾರೆಲ್ಲೂ ಇದನ್ನು ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ನಾನಂತೂ ಹಾವು ಕಂಡರೆ ಹಿಂದೆ ಸರಿದು ದಾರಿ ಬಿಡುತ್ತೇನೆ.

ಈಗ 1⅝ ನನ್ನ ಜೇಬಿಗೆ ಬಂದು ಒಂದೂವರೆ ವರ್ಷ. ಲಾಂಗ್ ರೈಫಲ್ ಸಾವಿರದ ಐನೂರು, ಮ್ಯಾಗ್ನಮ್ ನಾನೂರು ಈಡು ಹೊಡೆದಿರಬಹುದು. ಏಳು ಗಜದಲ್ಲಿ ಐದಕ್ಕೆ ಐದು ತಟ್ಟೆಯಲ್ಲಿ, ಗುಂಪು ಮೂರೂವರೆ ಇಂಚು. ಬ್ಲ್ಯಾಕ್ ವಿಡೋಗಿಂತ ಅರ್ಧ ಇಂಚು ಅಷ್ಟೇ ಹಿಂದೆ. ಜೇಬಿನೊಳಗೆ ಮೂತಿ ಕೆಳಗೇ ನಿಲ್ಲಲು ಒಂದು ಚರ್ಮದ ತುಂಡು ಹೊಲಿದುಕೊಂಡಿದ್ದೇನೆ. ಟ್ರಿಗರ್ ಪೂರ್ತಿ ಮುಚ್ಚುವ ಹಾಗೆ ಇದೆ. ಎಂಟು ಸಲ ಬಿಚ್ಚಿ ಹೊಲಿದ ಮೇಲೆ ಸಿಕ್ಕ ಆಕಾರ ಅದು, ಅದನ್ನು ಇಲ್ಲಿ ಬರೆಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮಾತ್ರ ತೋಟಾ ತೆಗೆದು, ಸಿಲಿಂಡರ್ ಬಿಚ್ಚಿ, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಹ್ಯಾಮರ್ ಸಂದು ಒರೆಸಬೇಕು. ಬೂದು ಬಣ್ಣದ ಜೇಬಿನ ನೂಲು ಉಂಡೆ ಉಂಡೆಯಾಗಿ ಬರುತ್ತದೆ.

ಮರದ ಗೊಂಬೆಗಳು ಈಗ ನನ್ನ ಹತ್ತಿರ ಇಲ್ಲ. ಹೋದ ತಿಂಗಳು ನಕ್ಕಿದ್ದ ಗೆಳೆಯನೊಬ್ಬ ನಾಲ್ಕನ್ನೂ ತಗೊಂಡು ಹೋಗಿದ್ದಾನೆ. ಅವನ ಹೆಂಡತಿಗೆ ಕೊಳ್ಳಬೇಕಂತೆ. ಅವರು ಕೈಚೀಲದಲ್ಲಿ ಇಡುವವರು. ಅಲ್ಲಿ ತೂಕದ ಲೆಕ್ಕವೇ ಬೇರೆ ಬರಬಹುದು. 2 ಇಂಚಿನದು ಗೆದ್ದರೂ ಗೆಲ್ಲಬಹುದು.