ಜಾಝ್ ಸ್ಟ್ಯಾಂಡರ್ಡ್ ನುಡಿಸೋವಾಗ ನಾನು ಮೊದಲು ಹುಡುಕೋದು ಷಡ್ಜ

ನಾನು ಫ್ಯೂಷನ್ ಬ್ಯಾಂಡಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸೋನು. ಬಾಸು, ಡ್ರಮ್ಸು, ಕೀಬೋರ್ಡು, ಜೊತೆಗೆ ಮೃದಂಗ. ನಮ್ಮದೇ ಕಂಪೋಸಿಷನ್‌ಗಳು ಇವೆ, ಆದ್ರೂ ಪ್ರತಿ ಪ್ರೋಗ್ರಾಮಲ್ಲೂ ಎರಡೋ ಮೂರೋ ಜಾಝ್ ಸ್ಟ್ಯಾಂಡರ್ಡ್, ಅಂದ್ರೆ ಜಾಝ್ ನುಡಿಸೋರೆಲ್ಲ ನುಡಿಸೋ ಹಳೇ ಟ್ಯೂನು, ಇಟ್ಟೇ ಇಡ್ತೀವಿ. ಇಂದಿರಾನಗರ, ವೈಟ್‌ಫೀಲ್ಡ್ ಕಡೆ ನುಡಿಸಿ ಕೇಬಲ್ ಸುತ್ತುತಾ ಇರೋವಾಗ ಗಿಟಾರ್ ಕಲೀತಿರೋ ಹುಡುಗರು ಬಂದು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸರ್, ಆ ಜಿ ಸೆವೆನ್ ಮೇಲೆ ಯಾವ ರಾಗ ಹಾಕಿದ್ರಿ?" ನಿಂತ ಜಾಗದಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ ಅದು, ಅದಕ್ಕೇ ಇಲ್ಲಿ ಪೂರ್ತಿ ಬರೀತಿದೀನಿ.

ಜಿ ಸೆವೆನ್ ಅನ್ನೋದು ಒಂದು ಕಾರ್ಡು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಆದ್ರೆ ಕಾರ್ಡಿಗೊಂದು ರಾಗ ನಾನು ಹಾಕಲ್ಲ. ಡಿ ಮೈನರ್ ಸೆವೆನ್ ಬಂದ್ರೆ ಖರಹರಪ್ರಿಯ, ಜಿ ಸೆವೆನ್‌ಗೆ ಹರಿಕಾಂಭೋಜಿ, ಸಿ ಮೇಜರ್‌ಗೆ ಶಂಕರಾಭರಣ ಅಂತ ಟೇಬಲ್ ಮಾಡ್ಕೊಂಡು ಕಲಿಯೋರು ತುಂಬಾ ಜನ ಇದಾರೆ. ಸ್ವರಸ್ಥಾನದ ಲೆಕ್ಕದಲ್ಲಿ ಆ ಟೇಬಲ್ ಸರಿನೇ, ಆದ್ರೆ ನೋಡಿ, ಮೂರರಲ್ಲೂ ಇರೋದು ಅದೇ ಏಳು ಸ್ವರ, ಶಂಕರಾಭರಣದ ರಿಷಭವನ್ನ ಷಡ್ಜ (ಆಧಾರ ಸ್ವರ, ಸ) ಮಾಡ್ಕೊಂಡ್ರೆ ಖರಹರಪ್ರಿಯ, ಪಂಚಮವನ್ನ ಮಾಡ್ಕೊಂಡ್ರೆ ಹರಿಕಾಂಭೋಜಿ. ಟೆಂಪೋ ನಿಮಿಷಕ್ಕೆ 200 ಬೀಟು ಇದ್ರೆ ನಾಲ್ಕು ಬೀಟಿನ ಒಂದು ಬಾರ್ ಅಂದ್ರೆ 1.2 ಸೆಕೆಂಡು, ಅಷ್ಟರೊಳಗೆ ಖರಹರಪ್ರಿಯ ಯಾರ ಕಿವಿಗೆ ಬೀಳತ್ತೆ? ರಾಗಕ್ಕೆ ಒಂದು ನಡಿಗೆ ಇದೆ, ಗಮಕ (ಸ್ವರವನ್ನ ಅಲ್ಲಾಡಿಸೋದು, ಜಾರಿಸೋದು) ಇದೆ, ಎಲ್ಲಿ ನಿಲ್ಲಬೇಕು ಎಲ್ಲಿ ಹಾಗೇ ದಾಟಿ ಹೋಗಬೇಕು ಅನ್ನೋದಿದೆ. ಅದಕ್ಕೆಲ್ಲ ಟೈಮ್ ಬೇಕು, ಅದಕ್ಕಿಂತ ಮೊದಲು ಕದಲದೆ ಕೂತಿರೋ ಷಡ್ಜ ಬೇಕು. ಹಾಗಾಗಿ ಹೊಸ ಸ್ಟ್ಯಾಂಡರ್ಡ್ ಕೈಗೆತ್ಕೊಂಡಾಗ ನಾನು ನೋಡೋ ಮೊದಲನೇ ವಿಷಯ ಇದು, ಈ ಟ್ಯೂನಲ್ಲಿ ಷಡ್ಜ ಒಂದೇ ಕಡೆ ಇದ್ಯಾ, ಇಲ್ಲ ಜಾಗ ಬದಲಾಯಿಸ್ತಿದ್ಯಾ. ಮಿಕ್ಕಿದ್ದೆಲ್ಲ ಆಮೇಲೆ.

ಇದನ್ನ ಗಿಟಾರಲ್ಲಿ ಹುಡುಕಲ್ಲ, ಬಾಯಲ್ಲಿ ಹುಡುಕ್ತೀನಿ. ಚಿಕ್ಕ ವಯಸ್ಸಲ್ಲಿ ಬಸವನಗುಡಿಯಲ್ಲಿ ಕೆಲವು ವರ್ಷ ಕರ್ನಾಟಕ ಸಂಗೀತ ಹಾಡೋದು ಕಲಿತಿದ್ದೆ, ಅಲ್ಲಿ ನಮ್ಮ ಮೇಷ್ಟ್ರು ಕೃತಿ ಹೇಳ್ಕೊಡೋ ಮೊದಲು ಸ್ವರ ಹಾಡಿಸ್ತಿದ್ರು, ಅದೇ ಅಭ್ಯಾಸ ಇವತ್ತಿಗೂ ಇದೆ. ಆಟಮ್ ಲೀವ್ಸ್ ತಗೊಳ್ಳಿ. ಜೋಸೆಫ್ ಕೋಸ್ಮಾ 1945ರಲ್ಲಿ ಮಾಡಿದ ಟ್ಯೂನು, ಮೂಲದಲ್ಲಿ ಫ್ರೆಂಚ್ ಹಾಡು, ಜಾಝ್ ಕಲಿಯೋರೆಲ್ಲ ಮೊದಲು ಹಿಡಿಯೋದು ಇದನ್ನೇ. ನಾವು ಜಿ ಮೈನರಲ್ಲಿ ನುಡಿಸ್ತೀವಿ. ಫೋನಲ್ಲಿ ತಂಬೂರಿ ಹಾಕಿ, ಜಿ ಷಡ್ಜ ಡಿ ಪಂಚಮ ಇಟ್ಕೊಂಡು ಹಾಡ್ಕೊಂಡ್ರೆ ಮೊದಲ ಎಂಟು ಬಾರಿನ ಉದ್ದದ ಸ್ವರಗಳು ಯಾವುವು ಗೊತ್ತಾ? ದ, ಪ, ಮ, ಗ. ಅಷ್ಟೇ. ಒಂದೊಂದೇ ಮೆಟ್ಟಿಲು ಇಳಿಯತ್ತೆ, ಪ್ರತಿ ಸ್ವರಕ್ಕೂ ಮುಂಚೆ ಮೂರು ಸಣ್ಣ ಸ್ವರ ಹತ್ತಿ ಬರತ್ತೆ, ಮೊದಲನೇ ಸಲ ಸ ರಿ ಗ ಅಂತ ಹತ್ತಿ ದ ಮೇಲೆ ನಿಲ್ಲತ್ತೆ, ಎರಡನೇ ಸಲ ನಿ ಸ ರಿ ಅಂತ ಹತ್ತಿ ಪ ಮೇಲೆ. ಕೆಳಗಡೆ ಕಾರ್ಡುಗಳು ಸಿ ಮೈನರ್, ಎಫ್ ಸೆವೆನ್, ಬಿ ಫ್ಲ್ಯಾಟ್ ಮೇಜರ್, ಇ ಫ್ಲ್ಯಾಟ್ ಮೇಜರ್ ಅಂತ ಓಡ್ತಾನೇ ಇರತ್ತೆ, ಆದ್ರೆ ತಂಬೂರಿಯ ಜಿ ಅವೆಲ್ಲದರ ಜೊತೆಗೂ ಸೇರತ್ತೆ, ಕಿರಿಕಿರಿ ಆಗೋದು ಡಿ ಸೆವೆನ್ ಬಂದಾಗ ಮಾತ್ರ, ಆಗ ಷಡ್ಜ ಬಿಟ್ಟು ಪಂಚಮದ ಮೇಲೆ ಭಾರ ಹಾಕ್ತೀನಿ. ಅಂದ್ರೆ ಇಡೀ ಟ್ಯೂನು ಒಂದೇ ಷಡ್ಜದ ನಠಭೈರವಿ ಸ್ವರಗಳಲ್ಲಿ ಇದೆ, ಡಿ ಸೆವೆನ್ ಹತ್ರ ಕಾಕಲಿ ನಿಷಾದ (ಮೇಲಿನ ನಿ) ಬಂದು ಕೀರವಾಣಿಯ ಕಡೆ ಸ್ವಲ್ಪ ವಾಲತ್ತೆ. ಇದು ಗೊತ್ತಾದ ಮೇಲೆ ಬಾರಿಗೊಂದು ಸ್ಕೇಲ್ ಯೋಚನೆ ಮಾಡೋ ಅವಶ್ಯಕತೆನೇ ಇಲ್ಲ.

ಸೋಲೋ ಶುರು ಮಾಡೋದು ಹೇಗೆ ಅಂದ್ರೆ, ನೆರವಲ್ ಥರ. ನೆರವಲಲ್ಲಿ ಸಾಹಿತ್ಯದ ಸಾಲು ಎಲ್ಲಿ ಬೀಳಬೇಕೋ ಅಲ್ಲೇ ಬೀಳತ್ತೆ, ಸಂಗೀತ ಮಾತ್ರ ಬದಲಾಗ್ತಾ ಹೋಗತ್ತೆ ಅಲ್ವಾ, ನಾನೂ ಮೊದಲ ಸುತ್ತಲ್ಲಿ ಆ ದ ಪ ಮ ಗ ನಾಲ್ಕು ಸ್ವರಾನೂ ಅದೇ ಜಾಗದಲ್ಲಿ ಬಿಡ್ತೀನಿ, ಅಲ್ಲಿಗೆ ತಲುಪೋ ದಾರಿ ಮಾತ್ರ ಬದಲಾಯಿಸ್ತೀನಿ. ಎರಡನೇ ಸುತ್ತಲ್ಲಿ ದಾರಿ ಉದ್ದ ಆಗತ್ತೆ, ಮೂರನೇ ಸುತ್ತಲ್ಲಿ ಆ ಸ್ವರಗಳನ್ನ ಮೇಲಿನ ಸ್ಥಾಯಿಗೆ ಒಯ್ತೀನಿ. ಕೇಳೋರಿಗೆ ಟ್ಯೂನು ಕೈತಪ್ಪಲ್ಲ. ಜಾಝ್ ಒಂದು ದಿನಾನೂ ಕೇಳದೆ ಬರೀ ಗಾಯನ ಸಮಾಜ, ಕೋಟೆ ಹೈಸ್ಕೂಲಿನ ರಾಮೋತ್ಸವ ಅಂತ ಓಡಾಡಿರೋ ನಮ್ಮಮ್ಮ ಕೂಡ "ಈಗ ಮತ್ತೆ ಮೊದಲಿಗೆ ಬಂದ ನೋಡು" ಅಂತ ಪಕ್ಕದವರಿಗೆ ಹೇಳ್ತಾರೆ, ನನಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ. ಇನ್ನೊಂದು ಮಾತು, ಆ ದ ಪ ಮ ಗ ನಾಲ್ಕೂ ಅವುಗಳ ಕೆಳಗಿರೋ ಕಾರ್ಡಿನ ಮೂರನೇ ಸ್ವರ. ಕಾರ್ಡನ್ನ ಗುರುತು ಹಿಡಿಸೋ ಸ್ವರವೇ ಅದು. ಅಂದ್ರೆ ಟ್ಯೂನನ್ನ ನಂಬಿ ನುಡಿಸಿದ್ರೆ ಕಾರ್ಡುಗಳೂ ತಾವಾಗೇ ಕೇಳಿಸ್ತವೆ.

ಷಡ್ಜ ಓಡಾಡೋ ಟ್ಯೂನುಗಳದ್ದು ಬೇರೆ ಕಥೆ, ನನಗೆ ಇವೇ ಹೆಚ್ಚು ಇಷ್ಟ. ಆಲ್ ದ ಥಿಂಗ್ಸ್ ಯು ಆರ್, ಜೆರೋಮ್ ಕರ್ನ್ 1939ರಲ್ಲಿ ಒಂದು ಬ್ರಾಡ್‌ವೇ ನಾಟಕಕ್ಕೆ ಮಾಡಿದ್ದು. ಎಲ್ಲಾ ಸ್ಟ್ಯಾಂಡರ್ಡೂ 32 ಬಾರ್ ಇರತ್ತೆ ಅಂದ್ಕೊಂಡು ಕೂತ್ರೆ ಇದರಲ್ಲಿ 36 ಬಾರ್. ಎ ಫ್ಲ್ಯಾಟಲ್ಲಿ ನೆಲೆ ಆಗತ್ತೆ, ಎಂಟು ಬಾರ್ ಮುಗಿಯೋ ಹೊತ್ತಿಗೆ ಸಿ, ಆಮೇಲೆ ಇ ಫ್ಲ್ಯಾಟ್, ಅಲ್ಲಿಂದ ಜಿ, ನಡುವಿನ ಭಾಗದ ಕೊನೆಗೆ ಇ, ಮತ್ತೆ ಎ ಫ್ಲ್ಯಾಟ್. ಐದು ಷಡ್ಜ. ತಂಬೂರಿ ಹಾಕ್ಕೊಂಡು ಇದನ್ನ ಹಾಡೋಕಾಗಲ್ಲ. ಆದ್ರೆ ಗ್ರಹಭೇದ, ಅಂದ್ರೆ ರಾಗದ ಬೇರೆ ಸ್ವರವನ್ನ ಷಡ್ಜ ಮಾಡ್ಕೊಂಡು ಇನ್ನೊಂದು ರಾಗ ತೋರಿಸೋದು, ಕೇಳಿ ಬೆಳೆದೋರಿಗೆ ಇದು ಪೂರ್ತಿ ಅಪರಿಚಿತ ಅಲ್ಲ, ಮೋಹನದ ಗಾಂಧಾರದ ಮೇಲೆ ನಿಂತು ಹಿಂದೋಳ ತೋರಿಸೋದನ್ನ ಕಚೇರಿಲಿ ಕೇಳಿರ್ತೀವಿ, ಸ್ವರ ಅಲ್ಲೇ ಇರತ್ತೆ, ಅದರ ಸ್ಥಾನ ಮಾತ್ರ ಬದಲಾಗತ್ತೆ. ಈ ಟ್ಯೂನಲ್ಲಿ ಆ ಥರದ್ದೇ ಒಂದು ಜಾಗ ಇದೆ. ನಡುವಿನ ಭಾಗ ಮುಗಿಯೋದು ಇ ಮೇಜರಲ್ಲಿ, ಅಲ್ಲಿ ಟ್ಯೂನಿನ ಸ್ವರ ಜಿ ಶಾರ್ಪ್, ಅಂದ್ರೆ ಇ ಲೆಕ್ಕದಲ್ಲಿ ಅಂತರ ಗಾಂಧಾರ. ಆ ಸ್ವರ ಕದಲಲ್ಲ, ಕೆಳಗೆ ಕಾರ್ಡ್ ಬದಲಾಗತ್ತೆ, ಒಂದು ಸಿ ಸೆವೆನ್ ಬಂದು ಎಫ್ ಮೈನರಿಗೆ ಹೋಗತ್ತೆ, ಅಷ್ಟೊತ್ತಿಗೆ ಅದೇ ಸ್ವರ ಎ ಫ್ಲ್ಯಾಟ್ ಅನ್ನೋ ಹೆಸರಲ್ಲಿ ಮೂಲ ಷಡ್ಜ ಆಗಿ ಕೂತಿರತ್ತೆ. ಗಾಂಧಾರ ಷಡ್ಜ ಆಯ್ತು! ಎಂಬತ್ತು ವರ್ಷದ ಮೇಲಾಯ್ತು ಈ ಟ್ಯೂನಿಗೆ, ಪ್ರತಿ ಸಲ ಆ ಜಾಗಕ್ಕೆ ಬಂದಾಗ ನನಗೆ ಮೈ ಜುಂ ಅನ್ನತ್ತೆ.

ಇದನ್ನ ಅಭ್ಯಾಸ ಮಾಡಿದ್ದು ಹೀಗೆ. ಗಿಟಾರ್ ಮುಟ್ಟದೆ ಆ ಒಂದೇ ಸ್ವರವನ್ನ "ಗಾ" ಅಂತ ಹಿಡಿದು, ಉಸಿರು ಬಿಡದೆ "ಸಾ" ಅಂತ ಬದಲಾಯಿಸಿ, ಅಲ್ಲಿಂದ ಹೊಸ ಷಡ್ಜದಲ್ಲಿ ಸ ನಿ ದ ಪ ಇಳಿಯೋದು. ಬಾಯಿಗೆ ಬಂದ ಮೇಲೆ ಬೆರಳಿಗೆ ಬರೋಕೆ ಜಾಸ್ತಿ ದಿನ ಬೇಕಾಗಲಿಲ್ಲ. ಪ್ರತಿ ಕೊಂಡಿಗೂ ಹೀಗೆ ಒಂದು ಸ್ವರ ಹುಡುಕ್ಕೊಂಡಿದೀನಿ, ಹಳೇ ಷಡ್ಜದಲ್ಲೂ ಇರಬೇಕು ಹೊಸದರಲ್ಲೂ ಇರಬೇಕು, ಸೋಲೋದಲ್ಲಿ ಆ ಸ್ವರವನ್ನ ಉದ್ದ ಹಿಡೀತೀನಿ, ವಾಲ್ಯೂಮ್ ನಾಬ್ ಸ್ವಲ್ಪ ಏರಿಸ್ತೀನಿ, ಕೆಳಗೆ ಬಾಸ್ ನೆಲ ಬದಲಾಯಿಸ್ತಾನೆ. ವೇಗವಾಗಿ ಐವತ್ತು ಸ್ವರ ನುಡಿಸೋದಕ್ಕಿಂತ ಈ ಒಂದು ಸ್ವರ ಹೆಚ್ಚು ಹೇಳತ್ತೆ ಅನ್ನೋದು ನನ್ನ ದೃಢ ಅಭಿಪ್ರಾಯ. ಫ್ಯೂಷನ್ ಗಿಟಾರಿನವರಿಗೆ ಡಿಸ್ಟಾರ್ಷನ್ ಇರೋದ್ರಿಂದ ಸ್ವರ ಸಾಯದೆ ನಿಲ್ಲತ್ತೆ, ಆ ಅನುಕೂಲವನ್ನ ಸ್ಟ್ಯಾಂಡರ್ಡಲ್ಲಿ ಬಳಸದೇ ಇದ್ರೆ ಇನ್ನೆಲ್ಲಿ ಬಳಸೋದು? ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ 1996ರಲ್ಲಿ ನನ್ ಟೂ ಸೂನ್ ಅಂತ ಹೆಚ್ಚಾಗಿ ಬೇರೆಯವರ ಟ್ಯೂನುಗಳದ್ದೇ ಆಲ್ಬಮ್ ಮಾಡಿದ್ರು, ಪಿಕ್ ಹೊಡೆತವೇ ಕೇಳಿಸದ ಹಾಗೆ ಸ್ವರದಿಂದ ಸ್ವರಕ್ಕೆ ಜಾರೋ ಆ ಲೀಡ್ ಟೋನ್ ಹಳೇ ಟ್ಯೂನುಗಳಿಗೆ ಹೊಂದಲ್ಲ ಅನ್ನೋರು ಅದನ್ನ ಒಂದ್ಸಲ ಕೂತು ಕೇಳಬೇಕು.

ಗಮಕದ ವಿಷಯ ಕೀಬೋರ್ಡ್ ಪ್ಲೇಯರ್ ಜೊತೆ ಮಾತಾಡದೆ ಆಗಲ್ಲ. ಸೋ ವಾಟ್ ಅನ್ನೋ ಟ್ಯೂನು, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959, ರಾಗ ಅಂತ ನಿಜವಾಗಿ ನುಡಿಸೋಕೆ ಜಾಗ ಇರೋದು ಇಂಥದ್ರಲ್ಲಿ. 16 ಬಾರ್ ಡಿ ಷಡ್ಜದ ಖರಹರಪ್ರಿಯ ಸ್ವರಗಳು, ಎಂಟು ಬಾರ್ ಅರ್ಧ ಸ್ವರ ಮೇಲೆ ಇ ಫ್ಲ್ಯಾಟಿಗೆ, ಮತ್ತೆ ಎಂಟು ಬಾರ್ ಡಿ. ಸುತ್ತು ತಿರುಗಿದಾಗ ಕೊನೆಯ ಎಂಟು, ಮುಂದಿನ ಹದಿನಾರು ಸೇರಿ 24 ಬಾರ್ ಒಂದೇ ಕಡೆ ಇರಬಹುದು. ಇಲ್ಲಿ ಖರಹರಪ್ರಿಯದ ಗಾಂಧಾರಕ್ಕೆ ಗಮಕ ಬೇಕೇ ಬೇಕು, ರಿಷಭ ಮಧ್ಯಮದ ನಡುವೆ ಅದು ಅಲ್ಲಾಡಬೇಕು, ಗಿಟಾರಲ್ಲಿ ತಂತಿ ಎಳೆದು ಮಾಡ್ತೀನಿ, ಅದಕ್ಕೆ ತೆಳು ತಂತಿ ಹಾಕಿರೋದು. ಆದ್ರೆ ಅದೇ ಹೊತ್ತಲ್ಲಿ ಕೀಬೋರ್ಡಿನವನು ಎಫ್ ಒತ್ತಿ ಹಿಡಿದ್ರೆ ಎರಡೂ ಕಚ್ಚಾಡತ್ತೆ. ಪರಿಹಾರ ಆ ರೆಕಾರ್ಡಿಂಗಲ್ಲೇ ಇದೆ. ಟ್ಯೂನಿಗೆ ಪಿಯಾನೋ ಉತ್ತರ ಕೊಡೋ ಮೊದಲ ಕಾರ್ಡು ಕೆಳಗಿಂದ ಇ, ಎ, ಡಿ, ಜಿ, ಬಿ, ಅದರಲ್ಲಿ ಎಫ್ ಇಲ್ಲವೇ ಇಲ್ಲ, ಗಾಂಧಾರದ ಜಾಗ ಖಾಲಿ. ಗಿಟಾರ್ ನುಡಿಸೋರು ಗಮನಿಸಿ, ಅದು ನಮ್ಮ ಕೆಳಗಿನ ಐದು ಖಾಲಿ ತಂತಿಗಳದ್ದೇ ಸ್ವರ. ನಮ್ಮ ಕೀಬೋರ್ಡಿನವನಿಗೆ ಹೇಳಿದೆ, ನಾನು ಗಾಂಧಾರ ಹಿಡಿದಾಗ ನೀನು ಅಲ್ಲೇ ಇರು ಮಾರಾಯ, ಎರಡನೇ ಕಾರ್ಡಿಗೆ ಇಳೀಬೇಡ ಅಂತ, ಅಲ್ಲಿಂದ ಮುಂದೆ ಜಗಳ ಇಲ್ಲ. ಬೇರೆ ಟ್ಯೂನುಗಳಲ್ಲಿ ಕಾರ್ಡ್ ಬೇಗ ಬದಲಾಗೋ ಕಡೆ ಮೂರನೇ ಸ್ವರವನ್ನ ನಾನು ಅಲ್ಲಾಡಿಸಲ್ಲ, ನೇರ ನುಡಿಸ್ತೀನಿ, ಗಮಕ ಏನಿದ್ರೂ ರಿಷಭಕ್ಕೆ, ನಿಷಾದದಿಂದ ಷಡ್ಜಕ್ಕೆ ಹೋಗೋ ಜಾರಿಗೆ.

ತಾಳದ ಕಡೆ ಬಂದ್ರೆ ನಮ್ಮೂರಿಗೆ ಈ ದಾರಿ ಹೊಸದಲ್ಲ. ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ನಮ್ಮ ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ, ಆರ್.ಎ. ರಮಾಮಣಿ ಅವರ ಗಾಯನ ಇಟ್ಕೊಂಡು 1983ರಲ್ಲೇ ಜ್ಯೋತಿ ಅನ್ನೋ ಆಲ್ಬಮ್ ಮಾಡಿದ್ರು. ಸ್ಟ್ಯಾಂಡರ್ಡ್ ಅಲ್ಲ ಅದು, ಆದ್ರೆ ಸ್ಯಾಕ್ಸು ಮೃದಂಗ ಎದುರುಬದುರು ಕೂತು ಹೇಗೆ ಮಾತಾಡಬೇಕು ಅನ್ನೋದನ್ನ ನಾವು ಕಲಿತಿದ್ದು ಅಲ್ಲಿಂದನೇ.

ಲೆಕ್ಕ ಸುಲಭ. 32 ಬಾರ್, ಬಾರಿಗೆ ನಾಲ್ಕು ಬೀಟು, ಒಟ್ಟು 128, ಅಂದ್ರೆ ಎಂಟು ಬೀಟಿನ ಆದಿತಾಳದ 16 ಆವರ್ತ. ನಮ್ಮ ಮೃದಂಗದವನು ಮೊದಲ ರಿಹರ್ಸಲಲ್ಲಿ "ಗುರು, ಇದು ಬರೀ ಆದಿ ತಾನೇ, ಎಡುಪು ಎಲ್ಲಿ ಹೇಳು ಸಾಕು" ಅಂದ. ಆಟಮ್ ಲೀವ್ಸಲ್ಲಿ ಎಡುಪು (ಹಾಡು ಎತ್ಕೊಳ್ಳೋ ಜಾಗ) ಸಮಕ್ಕೆ (ತಾಳದ ಮೊದಲ ಹೊಡೆತಕ್ಕೆ) ಮೂರು ಅಕ್ಷರ ಮುಂಚೆ, ಉದ್ದದ ಸ್ವರ ಸಮಕ್ಕೆ ಬೀಳತ್ತೆ. ಸುತ್ತಿನ ಕೊನೆಯ ಎರಡು ಬಾರಲ್ಲಿ ಒಂದು ಪುಟ್ಟ ಮೋರಾ (ಒಂದೇ ಫ್ರೇಸನ್ನ ಮೂರು ಸಲ ನುಡಿಸಿ ಮುಗಿಸೋದು) ಇಡ್ತೀವಿ. ಎಂಟು ಬೀಟು ತಿಶ್ರ ನಡೆಯಲ್ಲಿ (ಬೀಟಿಗೆ ಮೂರು ಮಾತ್ರೆ) 24 ಮಾತ್ರೆ, ಆರು ಮಾತ್ರೆಯ ಫ್ರೇಸು ಮೂರು ಸಲ, ನಡುವೆ ಮೂರು ಮೂರು ಮಾತ್ರೆ ಬಿಡುವು, 6, 3, 6, 3, 6, ಸರಿಯಾಗಿ 24, ಮುಂದಿನ ಹೊಡೆತವೇ ಹೊಸ ಸುತ್ತಿನ ಸಮ. ಮೃದಂಗ, ಗಿಟಾರ್ ಇಬ್ಬರೂ ಒಟ್ಟಿಗೆ ಬಂದು ಬಿದ್ದಾಗ ಜಾಝ್ ಮಾತ್ರ ಗೊತ್ತಿರೋರೂ ಕೂತಲ್ಲಿಂದ ಹೋ ಅಂತಾರೆ. ಆದ್ರೆ ಒಂದು ಎಚ್ಚರ ಬೇಕು, ಸ್ವಿಂಗ್ ಅಂದ್ರೆ ಅಚ್ಚುಕಟ್ಟಾದ ತಿಶ್ರ ಅಲ್ಲ, ಉದ್ದ-ಗಿಡ್ಡ ಅನ್ನೋ ಆ ಪ್ರಮಾಣ ವೇಗದ ಜೊತೆ ಬದಲಾಗತ್ತೆ, ಜೋರು ಟೆಂಪೋದಲ್ಲಿ ಬಹುತೇಕ ಸಮ ಸಮ ಆಗ್ಬಿಡತ್ತೆ. ಹಾಗಾಗಿ ಟ್ಯೂನು ನಡೆಯೋವಾಗ ಡ್ರಮ್ಮರಿನ ರೈಡ್ ಸಿಂಬಲ್ ಯಜಮಾನ, ಮೃದಂಗ ಎಡಗೈ ಗುಮಕಿಯಲ್ಲಿ ಮೆಲ್ಲಗೆ ಬಾಸಿನ ಜೊತೆ ಇರತ್ತೆ, ತಿಶ್ರದ ಲೆಕ್ಕ ಏನಿದ್ರೂ ಮೋರಾದಲ್ಲಿ, ಮತ್ತೆ ನಾಲ್ಕು ನಾಲ್ಕು ಬಾರ್ ಹಂಚ್ಕೊಂಡು ಸವಾಲ್ ಜವಾಬ್ ಮಾಡೋವಾಗ.

ಜಾನ್ ಕೋಲ್ಟ್ರೇನ್ ಅವರ ಜೈಂಟ್ ಸ್ಟೆಪ್ಸ್ ಯಾಕೆ ನುಡಿಸಲ್ಲ ಅಂತ ಕೇಳ್ತಾರೆ. ಅದರಲ್ಲಿ ಬಿ, ಜಿ, ಇ ಫ್ಲ್ಯಾಟ್ ಮೂರು ಷಡ್ಜ, ಒಂದರಲ್ಲೂ ಎರಡು ಬಾರಿಗಿಂತ ಹೆಚ್ಚು ಕೂರೋ ಹಾಗಿಲ್ಲ. ಮನೇಲಿ ಅಭ್ಯಾಸಕ್ಕೆ ನುಡಿಸ್ತೀನಿ, ಕಿವಿ ಚುರುಕಾಗತ್ತೆ, ಸ್ಟೇಜಲ್ಲಿ ಅದರೊಳಗೆ ನನಗೆ ಹಾಡೋಕೆ ಜಾಗ ಸಿಕ್ಕಿಲ್ಲ.

ಈಗ ಕೈಲಿರೋದು ಬಾಡಿ ಅಂಡ್ ಸೋಲ್, 1930ರ ಜಾನಿ ಗ್ರೀನ್ ಟ್ಯೂನು, ಡಿ ಫ್ಲ್ಯಾಟಲ್ಲಿ. ನಡುವಿನ ಭಾಗದಲ್ಲಿ ಷಡ್ಜ ಅರ್ಧ ಸ್ವರ ಏರಿ ಡಿ ಆಗತ್ತೆ, ನಾಲ್ಕು ಬಾರ್ ಆದ್ಮೇಲೆ ಇಳಿದು ಸಿ, ಅಲ್ಲಿಂದ ಅರ್ಧರ್ಧ ಸ್ವರ ಜಾರ್ಕೊಂಡು ವಾಪಸ್. ನಿಧಾನದ ಟ್ಯೂನು, ಗಮಕಕ್ಕೆ ಬೇಕಾದಷ್ಟು ಟೈಮ್ ಇದೆ, ಮೃದಂಗದವನು ಎರಡು ಕಳೆ ಆದಿ (ತಾಳದ ಪ್ರತಿ ಎಣಿಕೆಗೂ ಎರಡು ಬೀಟು) ಹಾಕೋಣ ಅಂತಿದಾನೆ, ಡ್ರಮ್ಮರ್ ಬ್ರಶ್ ಬಿಟ್ಟು ಬೇರೆ ಏನೂ ಮುಟ್ಟಲ್ಲ ಅಂತಿದಾನೆ. ಡಿ ಇಂದ ಸಿ ಗೆ ಇಳಿಯೋ ಕಡೆ ಎರಡೂ ಷಡ್ಜಕ್ಕೆ ಸಲ್ಲೋ ಸ್ವರಗಳಲ್ಲಿ ಜಿ ಹಿಡೀಬಹುದು, ಅಲ್ಲಿ ಮಧ್ಯಮ ಪಂಚಮ ಆಗತ್ತೆ. ಇ ಹಿಡಿದ್ರೆ ರಿಷಭ ಗಾಂಧಾರ ಆಗತ್ತೆ. ಸದ್ಯಕ್ಕೆ ಇ ಕಡೆಗೇ ಮನಸ್ಸಿದೆ, ಮುಂದಿನ ರಿಹರ್ಸಲಲ್ಲಿ ಬಾಸ್ ಜೊತೆ ಎರಡೂ ನುಡಿಸಿ ನೋಡ್ತೀವಿ.