ಆಫರ್ ಲೆಟರ್‌ನಲ್ಲಿ ಪರ್ಸೆಂಟ್ ನೋಡಿ: ಅಮೆರಿಕದ ಮೆಡಿಕಲ್ ಸ್ಕೂಲ್‌ಗೆ ಮೇಷ್ಟ್ರಾಗಿ ಹೊರಟ ಮಲೆನಾಡಿನವರಿಗೆ

ಜುಲೈ ತಿಂಗಳು, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ. ಹೊರಗೆ ಧೋ ಅಂತ ಮಳೆ. ಜಗಲಿಯ ಒಂದು ತುದಿಯಲ್ಲಿ ಅಣ್ಣ ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ ತೂಗುತ್ತಿದ್ದ. ಮಳೆ ಸ್ವಲ್ಪ ಹೊಳವಾದರೆ ತೋಟಕ್ಕೆ ಹೊಡೆಸಬೇಕು. ಇನ್ನೊಂದು ತುದಿಯಲ್ಲಿ ಅವನ ಮಗಳು ಆಫರ್ ಲೆಟರ್ ಹಿಡಿದು ಕೂತಿದ್ದಳು. ಶಿವಮೊಗ್ಗದ ಮೆಡಿಕಲ್ ಕಾಲೇಜು ಸಿಮ್ಸ್‌ನಲ್ಲಿ ಎಂಬಿಬಿಎಸ್, ಅಮೆರಿಕದಲ್ಲಿ ರೆಸಿಡೆನ್ಸಿ ಅನ್ನುವ ತಜ್ಞ ತರಬೇತಿ, ಈಗ ಸೋಂಕು ರೋಗಗಳ ಫೆಲೋಶಿಪ್‌ನ ಕೊನೆಯ ವರ್ಷ.

"ಚಿಕ್ಕಪ್ಪಾ, ಅಸಿಸ್ಟೆಂಟ್ ಪ್ರೊಫೆಸರ್ ಅಂತ ಕೊಟ್ಟಿದ್ದಾರೆ. ಸಂಬಳನೂ ಪರವಾಗಿಲ್ಲ. ಸೈನ್ ಮಾಡ್ಲಾ?"

ಎರಡನೇ ಪುಟ ತಿರುಗಿಸಿ ನೋಡಿದೆ. ಅಲ್ಲಿತ್ತು: ಕ್ಲಿನಿಕಲ್ 80, ಅಕಾಡೆಮಿಕ್ 20. ಆ 20ರಲ್ಲಿ ಏನು ಸೇರಿದೆ ಅಂತ ಒಂದು ಸಾಲೂ ಇರಲಿಲ್ಲ.

ನಮ್ಮೂರಿನ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಅಂದರೆ ಒಂದು ಹುದ್ದೆ. ಇಷ್ಟು ವರ್ಷ ಆಯ್ತು, ಇಷ್ಟು ಪೇಪರ್ ಆಯ್ತು, ಮುಂದಿನ ಮೆಟ್ಟಿಲು. ಅಮೆರಿಕದಲ್ಲೂ ಅಸಿಸ್ಟೆಂಟ್, ಅಸೋಸಿಯೇಟ್, ಪ್ರೊಫೆಸರ್ ಅಂತಲೇ ಹೆಸರು. ಆದರೆ ಅದು ಬರೀ ಬೋರ್ಡು. ಒಂದೇ ಬೋರ್ಡಿನ ಕೆಳಗೆ ಒಬ್ಬರು ದಿನವಿಡೀ ರೋಗಿಗಳನ್ನು ನೋಡುತ್ತಾರೆ, ಇನ್ನೊಬ್ಬರು ವರ್ಷಕ್ಕೆ ಎರಡು ತಿಂಗಳು ಮಾತ್ರ ವಾರ್ಡಿಗೆ ಬಂದು ಉಳಿದ ದಿನ ಲ್ಯಾಬ್‌ನಲ್ಲಿರುತ್ತಾರೆ. ಬೋರ್ಡಿನ ಹಿಂದೆ ನಿಜವಾಗಿ ಏನು ಕೆಲಸ ಅನ್ನೋದನ್ನು ಹೇಳುವುದು ಎರಡು ವಿಷಯ: ಟ್ರ್ಯಾಕ್ ಯಾವುದು, ಪರ್ಸೆಂಟ್ ಎಷ್ಟು.

ಟ್ರ್ಯಾಕ್‌ನ ಹೆಸರು ಒಂದೊಂದು ಸ್ಕೂಲ್‌ನಲ್ಲಿ ಒಂದೊಂದು. ಹೆಚ್ಚುಕಡಿಮೆ ಮೂರು ಬಗೆ. ಟೆನ್ಯೂರ್ ಅಂದರೆ ಕಾಯಂ ನೇಮಕ; ಆ ಟ್ರ್ಯಾಕ್‌ನಲ್ಲಿ ಗ್ರ್ಯಾಂಟ್ (ಸಂಶೋಧನೆಗೆ ಹೊರಗಿನ ಹಣ) ತರಬೇಕು, ಪೇಪರ್ ಬರೆಯಬೇಕು, ನಿಗದಿಯಾದ ವರ್ಷಗಳೊಳಗೆ ತೇರ್ಗಡೆ ಆಗಬೇಕು. ಕ್ಲಿನಿಶಿಯನ್ ಎಜುಕೇಟರ್ ಟ್ರ್ಯಾಕ್‌ನಲ್ಲಿ ಚಿಕಿತ್ಸೆ, ಪಾಠ. ಹೊಸದಾಗಿ ಸೇರುವ ವೈದ್ಯರಲ್ಲಿ ಜಾಸ್ತಿ ಜನ ಇಲ್ಲಿಗೇ ಬರುವುದು. ರಿಸರ್ಚ್ ಟ್ರ್ಯಾಕ್‌ನಲ್ಲಿ ನಿಮ್ಮ ಸಂಬಳದ ದೊಡ್ಡ ಭಾಗವನ್ನು ನೀವೇ ಗ್ರ್ಯಾಂಟ್‌ನಿಂದ ತರಬೇಕು. ಅದಕ್ಕೆ ಸಾಫ್ಟ್ ಮನಿ ಅನ್ನುತ್ತಾರೆ. ಗೇಣಿ ತೋಟ ಇದ್ದ ಹಾಗೆ: ಗೇಣಿ ಕಟ್ಟುವವರೆಗೆ ತೋಟ ನಿಮ್ಮದು.

ಪರ್ಸೆಂಟ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನಾನೇ ಎಡವಿದ್ದು ಅಲ್ಲಿ. ಅಮೆರಿಕದಲ್ಲಿ ನಾನು ಮೊದಲ ಕೆಲಸ ಸೇರುವಾಗ ನಮ್ಮ ಡಿವಿಷನ್ ಚೀಫ್ ಒಳ್ಳೆಯ ಮನುಷ್ಯ. "ವಾರಕ್ಕೊಂದು ದಿನ ನಿನ್ನ ರಿಸರ್ಚ್‌ಗೆ, ನಾನು ನೋಡ್ಕೋತೀನಿ" ಅಂದರು. ನೋಡಿಕೊಂಡರು ಕೂಡ, 14 ತಿಂಗಳು. ಆಮೇಲೆ ಅವರು ಬೇರೆ ಊರಿಗೆ ಹೋದರು. ಹೊಸಬರು ಕೇಳಿದರು: ಎಲ್ಲಿ ಬರೆದಿದೆ? ಎಲ್ಲೂ ಬರೆದಿರಲಿಲ್ಲ. ಮುಂದಿನ ಸೋಮವಾರದಿಂದ ಆ ದಿನವೂ ಕ್ಲಿನಿಕ್.

ಹಾಗಾಗಿ ಪರ್ಸೆಂಟನ್ನು ಅರ್ಧ ದಿನಗಳಿಗೆ ಇಳಿಸಿ ಕೇಳಿ. ವಾರಕ್ಕೆ ಹತ್ತು ಅರ್ಧ ದಿನ. 80 ಪರ್ಸೆಂಟ್ ಅಂದರೆ ಎಂಟು. ಅದರಲ್ಲಿ ಕ್ಲಿನಿಕ್ ಎಷ್ಟು? ವಾರ್ಡಿನ ಸರದಿ ವರ್ಷಕ್ಕೆ ಎಷ್ಟು ವಾರ? ವಾರ್ಡ್ ಇರುವ ವಾರ ಕ್ಲಿನಿಕ್ ರದ್ದಾಗುತ್ತಾ? ರೋಗಿಗಳ ಮೆಸೇಜ್‌ಗೆ ಉತ್ತರ ಬರೆಯುವ ಹೊತ್ತು ಯಾವ ಖಾತೆಗೆ? ಉಳಿದ 20 ಪರ್ಸೆಂಟ್ ಎಷ್ಟು ವರ್ಷದವರೆಗೆ ಗ್ಯಾರಂಟಿ? ಅಷ್ಟರಲ್ಲಿ ಅಣ್ಣ ತಕ್ಕಡಿಯಿಂದ ತಲೆ ಎತ್ತಿ ಅಂದ: "ಕೊಳೆಗೆ ಹೊಡೆಯೋ ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಅಂದ್ರೆ ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಯಾರ ಹತ್ರ ಕೇಳಿದ್ರೂ ಹೇಳ್ತಾರೆ. ನಿಮ್ಮ ಪರ್ಸೆಂಟ್‌ಗೆ ಅಳತೆನೇ ಇಲ್ವಾ?"

ಸಂಬಳದಲ್ಲೂ ಅಳತೆಯದೇ ಆಟ. ಬೇಸ್ ಸಂಬಳದ ಮೇಲೆ ಇನ್ಸೆಂಟಿವ್ ಅಂತ ಇರುತ್ತದೆ, ಅದನ್ನು ಆರ್‌ವಿಯು ಲೆಕ್ಕದಲ್ಲಿ, ಅಂದರೆ ಒಂದೊಂದು ಚಿಕಿತ್ಸೆಗೆ ಇಷ್ಟು ಅಂಕ ಅಂತ ಅಳೆದು, ಕೊಡುತ್ತಾರೆ. ಅಡಿಕೆ ಸುಲಿದಷ್ಟು ಕೂಲಿ ಅನ್ನುತ್ತೇವಲ್ಲ, ಅದೇ. ಹಳೆಯ ರೋಗಿಯ ಭೇಟಿಗೆ ಹಾಕುವ 99214 ಅನ್ನುವ ಬಿಲ್ಲಿಂಗ್ ಕೋಡ್‌ಗೆ 1.92 ವರ್ಕ್ ಆರ್‌ವಿಯು. ಪಕ್ಕದಲ್ಲಿ ನಿಂತ ವಿದ್ಯಾರ್ಥಿಗೆ ಇಪ್ಪತ್ತು ನಿಮಿಷ ಪಾಠ ಮಾಡಿದರೆ ಸೊನ್ನೆ. ಪಾಠವೇ ನಿಮ್ಮ ಟ್ರ್ಯಾಕ್ ಆಗಿದ್ದರೆ ಈ ಸೊನ್ನೆಯನ್ನು ಎಲ್ಲಿ ತುಂಬಿಸುತ್ತಾರೆ ಅಂತ ಕೇಳಲೇಬೇಕು. ಮೂಲ ಸಂಬಳ ಸರಿಯಿದೆಯಾ ನೋಡಲು ಅಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ಪ್ರತಿ ವರ್ಷ ತರುವ ಫ್ಯಾಕಲ್ಟಿ ಸಂಬಳದ ವರದಿ ಇದೆ. ವಿಭಾಗ, ದರ್ಜೆ ಪ್ರಕಾರ ಅಂಕಿ ಸಿಗುತ್ತವೆ. ಸರ್ಕಾರಿ ಯೂನಿವರ್ಸಿಟಿಯಾದರೆ ಎಷ್ಟೋ ರಾಜ್ಯಗಳಲ್ಲಿ ನೌಕರರ ಸಂಬಳ ಯಾರು ಬೇಕಾದರೂ ನೋಡಬಹುದು. ಸಂಕೋಚ ಬೇಡ, ನೋಡಿ.

ಇನ್ನು ವೀಸಾ. ರೆಸಿಡೆನ್ಸಿಯನ್ನು ಜೆ1 ವೀಸಾದಲ್ಲಿ ಮಾಡಿದವರು ಎರಡು ವರ್ಷ ಊರಿಗೆ ಮರಳಬೇಕು, ಇಲ್ಲವೇ ಅದರಿಂದ ವಿನಾಯಿತಿ (ವೇವರ್) ತರಬೇಕು. ಕಾನ್ರಾಡ್ ಯೋಜನೆಯಲ್ಲಿ ಒಂದು ರಾಜ್ಯಕ್ಕೆ ವರ್ಷಕ್ಕೆ 30 ವೇವರ್. ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಫುಲ್‌ಟೈಮ್ ದುಡಿಯಬೇಕು. ಆ 30ರಲ್ಲಿ ಹತ್ತನ್ನು ರಾಜ್ಯಗಳು ಅಂಥ ಪ್ರದೇಶದ ಹೊರಗಿನ ಆಸ್ಪತ್ರೆಗೂ ಕೊಡಬಹುದು, ದೊಡ್ಡ ಟೀಚಿಂಗ್ ಆಸ್ಪತ್ರೆಗಳಿಗೆ ದಾರಿ ಅದೇ. ನಮ್ಮ ಹುಡುಗಿ ಮೊದಲಿಂದ ಎಚ್‌1ಬಿ, ಆ ಗೋಜಿಲ್ಲ. ಯೂನಿವರ್ಸಿಟಿಗಳಿಗೆ ಎಚ್‌1ಬಿ ಲಾಟರಿಯ ಮಿತಿಯೂ ಇಲ್ಲ, ಇದೊಂದು ದೊಡ್ಡ ಅನುಕೂಲ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಊರಿನಲ್ಲಿ ಕೂತು ಹೊಸದಾಗಿ ಅರ್ಜಿ ಹಾಕಿಸುವವರು ಉಳಿದ ಮಾತಿಗಿಂತ ಮೊದಲು ಇದನ್ನು ವಕೀಲರ ಹತ್ತಿರ ಕೇಳಿ. ಗ್ರೀನ್ ಕಾರ್ಡ್‌ಗೂ ಟ್ರ್ಯಾಕ್‌ಗೂ ನಂಟಿದೆ. ಪ್ರಾಧ್ಯಾಪಕರು, ಸಂಶೋಧಕರಿಗಿರುವ ಇಬಿ1ಬಿ ವರ್ಗದ ಗ್ರೀನ್ ಕಾರ್ಡ್‌ಗೆ ಮೂರು ವರ್ಷದ ಬೋಧನೆ ಅಥವಾ ಸಂಶೋಧನೆಯ ಅನುಭವದ ಜೊತೆಗೆ ಟೆನ್ಯೂರ್ ಟ್ರ್ಯಾಕ್ ಅಥವಾ ಕಾಯಂ ಸ್ವರೂಪದ ಸಂಶೋಧನಾ ಕೆಲಸ ಬೇಕು. ಮತ್ತೆ, ಪಾಠ ಮಾಡುವ ಹುದ್ದೆಯಾದರೆ ನಿಮ್ಮನ್ನು ಆರಿಸಿದ 18 ತಿಂಗಳೊಳಗೆ ಲೇಬರ್ ಸರ್ಟಿಫಿಕೇಷನ್‌ಗೆ (ಗ್ರೀನ್ ಕಾರ್ಡ್‌ಗೆ ಮುಂಚಿನ ಕಾರ್ಮಿಕ ಇಲಾಖೆಯ ಒಪ್ಪಿಗೆ) ಅರ್ಜಿ ಹಾಕಿದರೆ ವಿಶೇಷ ದಾರಿ ಇದೆ. ಹುದ್ದೆಯ ಜಾಹೀರಾತಿನ ಪ್ರತಿ ಎತ್ತಿಡಿ.

ಹುಡುಗಿಗೆ ಮಂಗನ ಕಾಯಿಲೆ ಮೇಲೆ ಕೆಲಸ ಮಾಡುವ ಆಸೆ. ಸಹಜ ಅಲ್ವಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತಾಗ ಅವಳು ಸಿಮ್ಸ್‌ನಲ್ಲಿದ್ದಳು. ಆದರೆ ಅಮೆರಿಕದಲ್ಲಿ ಆ ವೈರಸ್ ಸೆಲೆಕ್ಟ್ ಏಜೆಂಟ್ ಅನ್ನುವ ಅಪಾಯಕಾರಿ ರೋಗಾಣುಗಳ ಸರ್ಕಾರಿ ಪಟ್ಟಿಯಲ್ಲಿದೆ, ಅದನ್ನು ಮುಟ್ಟಲು ಅತಿ ಹೆಚ್ಚು ಭದ್ರತೆಯ ಬಿಎಸ್‌ಎಲ್4 ಲ್ಯಾಬ್ ಬೇಕು. ಹಾಗಾಗಿ ವೈರಸ್ ಬಿಟ್ಟು ರೋಗಿಗಳ ಕಡೆಯಿಂದ ಹೋಗುವುದು ಜಾಣತನ. ಊರಿನ ಕಾಲೇಜಿನ ಜೊತೆ ಸೇರಿ ಮಾಡಿದರೆ ಭಾರತದ ಕಡೆ ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆ ಬೇಕು. ಊರಿನವರು ಪ್ರೀತಿಯಿಂದ ಗೌರವ ಪ್ರಾಧ್ಯಾಪಕ ಅಂತ ಹುದ್ದೆ ಕೊಟ್ಟರೆ, ಒಂದು ರೂಪಾಯಿ ಬರದಿದ್ದರೂ ಅಮೆರಿಕದ ಸ್ಕೂಲ್‌ಗೆ ತಿಳಿಸಿ. ಮುಚ್ಚಿಟ್ಟರೆ ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಗ್ರ್ಯಾಂಟ್ ವೇಳೆ ತಲೆನೋವು.

ಗ್ರ್ಯಾಂಟ್‌ನಲ್ಲೂ ಪರ್ಸೆಂಟೇ. ಯುವ ವೈದ್ಯರು ಅರ್ಜಿ ಹಾಕುವ ಕೆ08, ಕೆ23 ಅನ್ನುವ ಎನ್‌ಐಎಚ್ ಗ್ರ್ಯಾಂಟ್ ಸಿಕ್ಕರೆ ಸಾಮಾನ್ಯವಾಗಿ 75 ಪರ್ಸೆಂಟ್ ಸಮಯ ಸಂಶೋಧನೆಗೆ ಬಿಡಬೇಕು. 80 ಕ್ಲಿನಿಕಲ್ ಇರುವವರು ಎಲ್ಲಿಂದ ತರ್ತೀರಿ? ಮೇಲಾಗಿ ಅವಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಕೆ99, ಆರ್01 ಅನ್ನುವ ಬೇರೆ ಗ್ರ್ಯಾಂಟ್‌ಗಳಿಗೆ ಪೌರತ್ವದ ಷರತ್ತಿಲ್ಲ.

ಸಹಿಗೆ ಮುಂಚೆ ಇನ್ನೊಂದು ಕೆಲಸ ಮಾಡಿ. ಸ್ಕೂಲ್‌ನವರು ಹೊರಡಿಸುವ ಫ್ಯಾಕಲ್ಟಿ ಸುದ್ದಿ ಎರಡು ವರ್ಷದ್ದು ಓದಿ. ಅದು ಪ್ರಶಸ್ತಿ, ಸನ್ಮಾನದ ಸುದ್ದಿ ಅಂತ ಬಿಡಬೇಡಿ. ಬಡ್ತಿ ಪಟ್ಟಿಯಲ್ಲಿ ನಿಮ್ಮ ಟ್ರ್ಯಾಕ್‌ನವರು ಎಷ್ಟು? ಒಂದೇ ಹುದ್ದೆಗೆ ಪದೇಪದೇ ಜಾಹೀರಾತು ಬಂದಿದೆಯಾ? ಚೀಫ್ ಹೆಸರಿನ ಮುಂದೆ 'ಇಂಟರಿಮ್' ಅಂತಿದ್ದರೆ, ಇವತ್ತು ಮಾತು ಕೊಟ್ಟವರು ನಾಳೆ ಇರುವುದಿಲ್ಲ ಅಂತಲೇ ತಿಳಿಯಿರಿ. ಬಡ್ತಿ ಸಮಿತಿಗೆ ನಿಮ್ಮ ಜೊತೆ ಕೆಲಸ ಮಾಡದ ಹೊರಗಿನವರ ಪತ್ರಗಳೂ ಬೇಕಾಗುತ್ತವೆ, ಆ ಪರಿಚಯ ಮೊದಲ ವರ್ಷದಿಂದಲೇ ಬೆಳೆಸಿ.

ಸಂಜೆ ಹೊತ್ತಿಗೆ ಕರೆಂಟ್ ಹೋಯಿತು. ಫೋನಿನಲ್ಲಿ 12 ಪರ್ಸೆಂಟ್ ಚಾರ್ಜ್. ಸಿಗ್ನಲ್ ಸಿಗುವ ಜಗಲಿಯ ಕಂಬಕ್ಕೆ ಒರಗಿ ಹುಡುಗಿ ಮೇಲ್ ಬರೆದಳು, ಮೂರೇ ಪ್ರಶ್ನೆ: 20 ಇದ್ದದ್ದು 30 ಆಗುತ್ತಾ, ಎಷ್ಟು ವರ್ಷಕ್ಕೆ, ಕೆಲಸ ಬಿಟ್ಟರೆ ಮಾಲ್‌ಪ್ರಾಕ್ಟಿಸ್ ವಿಮೆಯ ಟೇಲ್ ಹಣ (ಬಿಟ್ಟ ಮೇಲೂ ಹಳೆಯ ಚಿಕಿತ್ಸೆಯ ಕೇಸುಗಳಿಗೆ ರಕ್ಷಣೆ) ಯಾರು ಕಟ್ಟುತ್ತಾರೆ. ಎರಡು ದಿನ ಬಿಟ್ಟು ಉತ್ತರ ಬಂತು. 30 ಕೊಡುತ್ತೇವೆ, ಎರಡು ವರ್ಷಕ್ಕೆ, ಲೆಟರ್‌ನಲ್ಲೇ ಸೇರಿಸುತ್ತೇವೆ. ಟೇಲ್ ಬಗ್ಗೆ ಮಾತ್ರ ಲೀಗಲ್‌ನವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಅದಿನ್ನೂ ಬಂದಿಲ್ಲ, ಸಹಿಯೂ ಆಗಿಲ್ಲ.